ನೋವಿಲ್ಲದವರ ಪಟ್ಟಿ

ಸೂರ್ ಪಟ್ಟಣದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಈ ತಿಂಗಳಿಡೀ ನನಗೊಂದು ವಿಚಿತ್ರ ಕೆಲಸ:
ಏನೂ ಆಗದವರ ಎಕ್ಸ್‌ರೇ ತೆಗೆಯುವುದು.

ಡಾಕ್ಟರ್ ಥುರಯ್ಯಾರ ಅಧ್ಯಯನ. ಬಾಗಿಲಿಗೆ ನಾಲ್ಕು ಭಾಷೆಯ ಚೀಟಿ:
ಸೊಂಟ ನೋಯದವರು ಬನ್ನಿ.
ಬಂದವರಿಗೆ ಒಂದು ಲೋಟ ಲಬನ್,
ಟ್ಯಾಕ್ಸಿಗೆ ಎರಡು ರಿಯಾಲ್.

ಅಂಗಾತ ಮಲಗಿ. ಹೆಬ್ಬೆರಳು ಒಳಕ್ಕೆ ತಿರುಗಲಿ. ಉಸಿರು ಬಿಗಿಹಿಡಿಯಿರಿ.
ಹಿಂದಿಯಲ್ಲಿ, ಮಲಯಾಳದಲ್ಲಿ, ಆಮೇಲೆ ಅರಬ್ಬಿಯಲ್ಲಿ.
ಆ ಕೋಣೆಯಲ್ಲಿ ಕುಂಟುವುದು
ನನ್ನ ಅರಬ್ಬಿ ಮಾತ್ರ.

ಏಳನೇ ನಂಬರು ಶಫೀಕುಲ್, ಟೈಲ್ಸ್ ಕೂರಿಸುವವನು,
ದಿನಕ್ಕೆ ಒಂಬತ್ತು ತಾಸು ಕುಕ್ಕರಗಾಲಲ್ಲಿ.
ತೊಡೆಮೂಳೆಯ ತಲೆ ಗೋಲಿಯಷ್ಟು ದುಂಡಗಿರಬೇಕೆನ್ನುತ್ತದೆ ಪುಸ್ತಕ;
ಇವನದಕ್ಕೆ ಕತ್ತಿನ ಬಳಿ ಒಂದು ಉಬ್ಬು,
ಅಚ್ಚು ಮೀರಿ ಉಕ್ಕಿ ಗಟ್ಟಿಯಾದ ಬೆಲ್ಲದ ಹಾಗೆ.
ಗೋಲ್‌ಕೀಪರ್ ಹುಡುಗ ಹಮೂದನಿಗೆ ಅದೇ ಉಬ್ಬು, ಎರಡೂ ಕಡೆ.
ಪಹರೆಯ ಟೇಕ್ ಬಹದ್ದೂರನ ಬಟ್ಟಲು
ಗುಂಡನ್ನು ಮುಕ್ಕಾಲು ನುಂಗಿ ತುಟಿ ಬಿಗಿದಿದೆ.

ಒಣಮೀನಿನ ಶಮ್ಸಾ ಏಳು ಹೆತ್ತವಳು,
ಬುಟ್ಟಿ ಹೊತ್ತೇ ಮೆಟ್ಟಿಲಿಳಿದು ಬಂದಳು.
ಹೊರಗಿಡಿ ಅಂದದ್ದಕ್ಕೆ ನನ್ನ ಏಳು ತಲೆಮಾರನ್ನು ಬೈದಳು.
ಅವಳ ಬಟ್ಟಲು ಎಷ್ಟು ಸಣ್ಣದೆಂದರೆ
ಮೂಳೆಯ ತಲೆ ಅರ್ಧ ಹೊರಗೇ,
ಜಗಲಿಯ ಅಂಚಿನಲ್ಲಿ ಕೂತ ನೆಂಟನಂತೆ.
ಅದೇ ಸೊಂಟದಲ್ಲಿ ಬುಟ್ಟಿ ಎತ್ತಿಕೊಂಡು ಹೋದಳು.

ಡಾಕ್ಟರ್ ಪರದೆಯ ಮೇಲೆ ಗೆರೆ ಎಳೆದು ಕೋನ ಅಳೆಯುತ್ತಾರೆ.
ಇಪ್ಪತ್ತಾರು ಮಂದಿ, ಹನ್ನೊಂದು ಡೊಂಕು.
ಕುಣಿಯಲಾರದವಳಿಗೆ ನೆಲ ಡೊಂಕಂತೆ;
ಇಲ್ಲಿ ಡೊಂಕು ಒಳಗೇ ಇದೆ,
ಕುಣಿತ ಯಾರನ್ನೂ ಕೇಳದೆ ಸಾಗಿದೆ.

ಗಂಗೊಳ್ಳಿಯ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಒರಳಿತ್ತು.
ಗುಂಡಿನ ಒಂದು ಮಗ್ಗುಲು ಚಕ್ಕೆಯೆದ್ದು
ಸುತ್ತಿಗೊಮ್ಮೆ ಗಡಕ್ ಅನ್ನುತ್ತಿತ್ತು.
ದೋಸೆ ಹಿಟ್ಟಿಗೆ ಅದು ಕೊನೆಗೂ ಗೊತ್ತಾಗಲಿಲ್ಲ.

ಭಾನುವಾರ ಯಾರೂ ಬರಲಿಲ್ಲ. ನಾನೇ ಮಲಗಿದೆ, ಬಿಂದು ಗುಂಡಿ ಒತ್ತಿದಳು.
ನನ್ನ ಬಲಗಡೆಯ ಬಟ್ಟಲು ಆಳವಿಲ್ಲ.
ಹದಿನೆಂಟು ವರ್ಷ ಸೀಸದ ಅಂಗಿ ಹೊತ್ತು ನಿಂತಿದ್ದೇನೆ,
ಒಂದು ದಿನವೂ ಚಳಕ್ ಅನ್ನಲಿಲ್ಲ.
ಈಗ ಮೆಟ್ಟಿಲೇರುವಾಗ ಕಿವಿಗೊಡುತ್ತೇನೆ,
ಒಳಗೆ ಯಾರಾದರೂ ಇದ್ದಾರೆಯೇ ಎಂದು
ಬೀಗ ಹಾಕಿದ ಮನೆಯ ಬಾಗಿಲಿಗೆ ಕಿವಿ ಹಚ್ಚಿದಂತೆ.

ಬುಧವಾರ ಖೋರಿನ ನೀರು ಇಳಿದಿತ್ತು.
ಮರದ ಹಡಗುಗಳು ಕೆಸರಲ್ಲಿ ಒಂದೇ ಮಗ್ಗುಲಿಗೆ ವಾಲಿ ಮಲಗಿದ್ದವು,
ಉಬ್ಬರ ಬಂದರೆ ಏಳುತ್ತೇವೆ ಎಂಬ ಧೈರ್ಯದಲ್ಲಿ.
ಶಫೀಕುಲ್ ಮತ್ತೆ ಬಂದ. ಚಪ್ಪಲಿ ಹೊರಗೆ ಬಿಟ್ಟು ನಿಂತ.

ಸಿಸ್ಟರ್, ಆ ಕಾಗದ ಕಂಪನಿಗೆ ಹೋಗುತ್ತದಾ?
ಇಲ್ಲ.
ಕಫೀಲನಿಗೆ?
ಇಲ್ಲಪ್ಪ. ಅದರಲ್ಲಿ ನಿನ್ನ ಹೆಸರೇ ಇಲ್ಲ, ಬರೀ ಏಳು.

ಅವನು ಗೋಡೆ ನೋಡಿದ. ಫ್ಯಾನು ನೋಡಿದ.
ಹಾಗಾದರೆ... ಎಡಗಡೆ. ಸ್ವಲ್ಪ. ರಾತ್ರಿ ಹೊತ್ತು.
ಆಮೇಲೆ ಗಾಬರಿಯಿಂದ:
ಬರೆಯಬೇಡಿ.

ಬರೆದರೆ ಅವನು ಪಟ್ಟಿಯಿಂದ ಆಚೆ,
ಬರೆಯದಿದ್ದರೆ ಪಟ್ಟಿ ಸುಳ್ಳು.
ಉಳಿದ ಇಪ್ಪತ್ತೈದು ಇಲ್ಲಗಳಲ್ಲಿ
ಯಾವುದು ಮೂಳೆಯ ಇಲ್ಲ, ಯಾವುದು ವೀಸಾದ ಇಲ್ಲ?
ಯಂತ್ರಕ್ಕೆ ಆ ಕೋನ ಕಾಣದು.
ಪೆನ್ಸಿಲ್ಲಿನಿಂದ ಏಳರ ಮುಂದೆ ಒಂದು ಚುಕ್ಕೆ ಇಟ್ಟೆ,
ಅಳಿಸಬಹುದಾದಷ್ಟು ತೆಳ್ಳಗೆ.

ಹೊರಡುವಾಗ ಬಾಗಿಲಲ್ಲಿ ತಿರುಗಿ ನಕ್ಕ.
ಈ ಕಾರಿಡಾರು ನಾನೇ ಹಾಕಿದ್ದು ಸಿಸ್ಟರ್,
ನಲವತ್ತು ಮೀಟರು, ಕೂದಲೆಳೆಯಷ್ಟೂ ಏರುಪೇರಿಲ್ಲ,
ಬೇಕಾದರೆ ನೀರು ಚೆಲ್ಲಿ ನೋಡಿ.

ನಾನು ನೆಲ ನೋಡಲಿಲ್ಲ.
ಎಡಗಾಲು ನೋಡುತ್ತ ನಿಂತೆ.